ಅಕ್ಕ ಕಟ್ಟಿದ ಕಂತು, ಅವ್ವನದಲ್ಲದ ಮನೆ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಇದರ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಕನ್ನಡದಲ್ಲಿ ಇಲ್ಲೂ ಹಾಕುತ್ತಿದ್ದೇನೆ. ಮುಂಬೈಯಲ್ಲಿ ನಮ್ಮಂಥ ಮನೆಗಳು ಜಾಸ್ತಿ ಇವೆ, ಅವರಿಗೂ ಗೊತ್ತಾಗಲಿ.

ನಾವು ಗದಗದ ಕಡೆಯವರು. ನನ್ನ ಅಕ್ಕ ತೀರಿಕೊಂಡು ಎಂಟು ತಿಂಗಳಾಯಿತು. ಮದುವೆಯಾದ ಎರಡನೇ ವರ್ಷಕ್ಕೇ ಭಾವ ಹೋಗಿಬಿಟ್ಟಿದ್ದರು. ಮಕ್ಕಳಿರಲಿಲ್ಲ. ತಿಥಿ ಮುಗಿದ ವಾರಕ್ಕೇ ಅತ್ತೆ ಮನೆಯವರು ಒಂದು ಟ್ರಂಕಿನ ಜೊತೆ ಅವಳನ್ನು ತವರಿಗೆ ಕಳಿಸಿದರು. ಆಮೇಲೆ ಒಂದು ದಿನ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳಲಿಲ್ಲ. ಜೀವನಾಂಶ ಕೇಳುವ ದಾರಿ ಕಾನೂನಿನಲ್ಲಿ ಇತ್ತಂತೆ, ಅವಳು ಕೇಳಲೂ ಇಲ್ಲ. ಮುಂಬೈಗೆ ಬಂದಳು, ಕೆಲಸ ಹಿಡಿದಳು, ಬೆಳಗಿನ ಲೋಕಲ್‌ನಲ್ಲಿ ನಿಂತುಕೊಂಡೇ ಇಪ್ಪತ್ತೆರಡು ವರ್ಷ ಓಡಾಡಿದಳು, ಭಾಂಡುಪ್‌ನಲ್ಲಿ ಸಾಲ ಮಾಡಿ ಒಂದು ರೂಮು ಕಿಚನ್ ತಗೊಂಡಳು, ಅವ್ವನನ್ನು ಕರೆಸಿಕೊಂಡಳು. ಕೊನೇ ಕಂತು ಕಟ್ಟಿದ ದಿನ ಪೇಢೆ ಹಂಚಿದ್ದಳು.

ಅವಳು ಹೋದ ಮೂರನೇ ತಿಂಗಳಿಗೆ ಅವಳ ಮೈದುನನ ವಕೀಲರಿಂದ ನೋಟಿಸ್ ಬಂತು. ಮನೆ ನಮ್ಮದು, ಬಿಟ್ಟುಕೊಡಿ ಅಂತ.

ನಾವು ನಕ್ಕುಬಿಟ್ಟೆವು, ಇದೆಂಥ ಮಾತು ಅಂತ. ಹೌಸಿಂಗ್ ಸೊಸೈಟಿಯ ಫಾರ್ಮಿನಲ್ಲಿ ಅಕ್ಕ ಅವ್ವನನ್ನೇ ನಾಮಿನಿ ಮಾಡಿದ್ದಳಲ್ಲ! ನಮ್ಮ ವಕೀಲರು ನಗಲಿಲ್ಲ. ನಾಮಿನಿ ಅಂದರೆ ವಾರಸುದಾರರು ಸಿಗುವವರೆಗೆ ಕಾಯುವವರು ಅಷ್ಟೇ, ಒಡೆಯರಲ್ಲ ಅಂದರು. ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ತೆಗೆದು ಓದಿದರು. ಹೆಂಗಸು ಉಯಿಲು ಬರೆಯದೆ ಸತ್ತರೆ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ. ಅವರು ಯಾರೂ ಇಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅವರೂ ಇಲ್ಲ ಅಂದರೆ ಮಾತ್ರ ಹೆತ್ತ ತಾಯಿಗೆ, ತಂದೆಗೆ. ಅಪ್ಪ ಅಮ್ಮನಿಂದ ಬಂದ ಆಸ್ತಿಯಾದರೆ, ಮಕ್ಕಳಿಲ್ಲದಿದ್ದಾಗ, ತಂದೆಯ ಕಡೆಗೆ ವಾಪಸ್ ಹೋಗುತ್ತದೆ. ಸ್ವಂತ ದುಡಿಮೆಯದು ಗಂಡನ ಕಡೆಗೆ! ಇದೇ ಸಾವು ನಮ್ಮ ಅಣ್ಣನಿಗೆ ಬಂದಿದ್ದರೆ ಅವ್ವ ಮೊದಲ ಸಾಲಿನಲ್ಲೇ ಪಾಲುದಾರಳು. ಮಗನ ದುಡ್ಡಿಗೆ ತಾಯಿ ಮೊದಲು, ಮಗಳ ದುಡ್ಡಿಗೆ ಮೈದುನನ ಹಿಂದೆ. ನೀವೇ ಹೇಳಿ, ಇದು ಸರೀನಾ?

ಸುಪ್ರೀಂ ಕೋರ್ಟಿಗೆ ಹೋಗಿ ಅಂತ ಯಾರೋ ಅಂದರು. 2009ರಲ್ಲಿ ಅಲ್ಲಿ ಹೆಚ್ಚುಕಡಿಮೆ ನಮ್ಮ ಅಕ್ಕನದೇ ಕಥೆ ಬಂದಿತ್ತು. ಮದುವೆಯಾಗಿ ಮೂರೇ ತಿಂಗಳಿಗೆ ವಿಧವೆ, ಗಂಡನ ಮನೆಯಿಂದ ಹೊರಗೆ, ತವರಿನವರು ಓದಿಸಿದರು, ನೌಕರಿ ಮಾಡಿದಳು, 1996ರಲ್ಲಿ ಉಯಿಲಿಲ್ಲದೆ ತೀರಿಕೊಂಡಳು. ಅವಳು ಗಳಿಸಿದ್ದು ಗಂಡನ ಕಡೆಯವರಿಗೇ ಹೋಯಿತು. ಕಾನೂನು ಸ್ಪಷ್ಟವಾಗಿರುವಾಗ ಕನಿಕರದ ಮೇಲೆ ತೀರ್ಪು ಕೊಡೋಕೆ ಆಗಲ್ಲ ಅಂತು ಕೋರ್ಟು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಕಾನೂನು ಮಾಡುವವರು ನೀವಲ್ವಾ.

ನಾವು ಚಾಳಿನಲ್ಲಿದ್ದ ದಿನಗಳಿಂದಲೂ ಪರಿಚಯದ ಬಂಟರ ಅಕ್ಕ ಒಬ್ಬರಿದ್ದಾರೆ, ಕುಂದಾಪುರದವರು. ಅವರ ಮುಂದೆ ಇದನ್ನು ಹೇಳಿ ಅತ್ತಾಗ, ನಮ್ಮಲ್ಲಿ ಹಾಗಿಲ್ಲವಲ್ಲ ಅಂದರು. ವಕೀಲರನ್ನು ಕೇಳಿದೆ. ನಿಜ! ಅದೇ ಕಾಯ್ದೆ, ಎರಡೇ ಪುಟ ಮುಂದೆ, 17ನೇ ಕಲಂ. ಅಳಿಯಸಂತಾನ, ಮರುಮಕ್ಕತ್ತಾಯಂ ಅಂತ ತಾಯಿಯ ಕಡೆಯಿಂದ ವಂಶ ಎಣಿಸುವ ಪದ್ಧತಿಯವರಿಗೆ ಬೇರೆ ಸಾಲು. ಅಲ್ಲಿ ಮೊದಲು ಮಕ್ಕಳು ಮತ್ತು ತಾಯಿ, ಒಟ್ಟಿಗೆ. ಆಮೇಲೆ ತಂದೆ ಮತ್ತು ಗಂಡ. ಗಂಡನ ವಾರಸುದಾರರು ಎಲ್ಲರಿಗಿಂತ ಕೊನೆಗೆ. ಅಂದರೆ ಒಂದೇ ಕಟ್ಟಡದಲ್ಲಿ, ಒಂದೇ ಮಹಡಿಯಲ್ಲಿ ಅವರ ತಾಯಿಗೆ ಇರುವ ಹಕ್ಕು ನಮ್ಮ ಅವ್ವನಿಗಿಲ್ಲ. 1956ರಲ್ಲೇ ಕೆಲವರಿಗೆ ಬರೆದುಕೊಟ್ಟದ್ದನ್ನು ಎಲ್ಲರಿಗೂ ಬರೆಯಿರಿ, ನಾನು ಕೇಳುವುದು ಇಷ್ಟೇ.

ಇದು ದಿಲ್ಲಿಯ ಕಾನೂನು, ನಮ್ಮ ಕೈಯಲ್ಲಿಲ್ಲ ಅಂತ ದಯವಿಟ್ಟು ಹೇಳಬೇಡಿ. ಉತ್ತರಾಧಿಕಾರ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ದಿಲ್ಲಿಯೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಅಂತ ಮಹಾರಾಷ್ಟ್ರ 1994ರಲ್ಲೇ ತಿದ್ದುಪಡಿ ತಂದಿತ್ತು, ಕರ್ನಾಟಕವೂ ಅದೇ ವರ್ಷ ತಂದಿತು. ದಿಲ್ಲಿ ಅದನ್ನು ಮಾಡಿದ್ದು 2005ರಲ್ಲಿ, ಆಗಲೂ 15ನೇ ಕಲಂ ಮುಟ್ಟಲಿಲ್ಲ. ಹೆಂಗಸಿನ ಸ್ವಂತ ಗಳಿಕೆ ಎರಡೂ ಕಡೆಯವರಿಗೆ ಹೋಗಲಿ ಅಂತ ಕಾನೂನು ಆಯೋಗ 2008ರಲ್ಲೇ ತನ್ನ 207ನೇ ವರದಿಯಲ್ಲಿ ಹೇಳಿದೆ. ಇಲ್ಲೇ ನಮ್ಮ ಬಾಂಬೆ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿಗಳು 2012ರಲ್ಲಿ ಈ ಕಲಂ ಸಂವಿಧಾನಕ್ಕೆ ಒಪ್ಪುವಂಥದ್ದಲ್ಲ ಅಂದಿದ್ದಾರೆ. ಇನ್ನೇನು ಬೇಕು?

ಇನ್ನೊಂದು ಕೆಲಸ ನೀವು ನಾಳೆಯೇ ಮಾಡಬಹುದು. ನಿಮ್ಮ ಕಚೇರಿಯಲ್ಲಿ ಆಧಾರ್ ಶಿಬಿರ, ಕಣ್ಣಿನ ಶಿಬಿರ ಆಗುತ್ತವೆ. ಒಂದು ಉಯಿಲಿನ ಶಿಬಿರವನ್ನೂ ಇಡಿ. ಬಿಳಿ ಹಾಳೆ ಸಾಕು, ಸ್ಟ್ಯಾಂಪ್ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿ ಇರಬೇಕು ಅಷ್ಟೇ. ಅಕ್ಕನಿಗೂ ಯಾರೋ ಹೇಳಿದ್ದರು. ಮರಾಠಿಯಲ್ಲಿ ಅದನ್ನು ಮೃತ್ಯುಪತ್ರ ಅಂತಾರೆ ನೋಡಿ, ಆ ಹೆಸರು ಕೇಳಿಯೇ ಅವಳು, ಛೇ, ಅಪಶಕುನ, ಆಮೇಲೆ ನೋಡೋಣ ಅಂದುಬಿಟ್ಟಳು. ಐವತ್ತೊಂದು ವರ್ಷ ಅವಳಿಗೆ. ಯಾರು ಅಂದುಕೊಂಡಿರುತ್ತಾರೆ?

ಆ ರೂಮು ನನಗೆ ಬೇಡ, ನನ್ನ ಮಕ್ಕಳಿಗೂ ಬೇಡ. ಅವ್ವನಿಗೆ ಎಪ್ಪತ್ತೆಂಟು. ಮಗಳು ಹಾಕಿಸಿದ ಕಿಟಕಿಯ ಹತ್ತಿರ ಕೂತು, ಇದು ನಮ್ಮದೇ ಅಲ್ವಾ ಅಂತ ದಿನಾ ಕೇಳುತ್ತಾಳೆ. ನೀವು ಜನರನ್ನು ಭೇಟಿಯಾಗುವ ದಿನ ಅವಳನ್ನು ಕರೆದುಕೊಂಡು ಬರುತ್ತೇನೆ. ಅವಳಿಗೆ ಮರಾಠಿ ಬರುವುದಿಲ್ಲ, ಅವಳು ಕೇಳುವುದನ್ನು ನಾನು ನಿಮಗೆ ಹೇಳುತ್ತೇನೆ, ನೀವು ಕೊಡುವ ಉತ್ತರವನ್ನು ಅವಳಿಗೆ ಹೇಳುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು