ಈ ಒಂದು ಬಾರಿ ಕೇಬಲ್ ಹಿಡಿಯಬೇಕಾಗಿದೆ

ಆತ್ಮೀಯ ಗ್ರಾಹಕರೇ,

ವೈಫೈ ಇರುವ ಇಎಸ್‌ಪಿ32 ಚಿಪ್ಪಿನ ನಮ್ಮ ಬೋರ್ಡುಗಳ ಮುಂದಿನ ಫರ್ಮ್‌ವೇರ್, ಅಂದರೆ ಬೋರ್ಡನ್ನು ನಡೆಸುವ ಒಳಗಿನ ಪ್ರೋಗ್ರಾಮ್, ವೈಫೈ ಮೂಲಕ ಬರುವುದಿಲ್ಲ. ಬೋರ್ಡನ್ನು ಅದು ಇರುವ ಜಾಗದಿಂದ ಇಳಿಸಿ, ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ, ನೀವೇ ಒಮ್ಮೆ ಹಾಕಿಕೊಳ್ಳಬೇಕು. ವೈರ್‌ಲೆಸ್ ಅಪ್‌ಡೇಟ್ ಇದೆ ಎಂದು ಹೇಳಿ ಮಾರಿದವರೇ ಈಗ ಕೇಬಲ್ ಹುಡುಕಿ ಎನ್ನುತ್ತಿದ್ದಾರಲ್ಲ ಎಂದು ನಿಮಗೆ ಸಿಟ್ಟು ಬಂದರೆ ಅದು ನ್ಯಾಯವೇ. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಕಳೆದ ಆವೃತ್ತಿಯಲ್ಲಿ ವೈಫೈ ಭಾಗಕ್ಕೆ ನಾವೊಂದು ಸಣ್ಣ ತಿದ್ದುಪಡಿ ಮಾಡಿದ್ದೆವು. ಅದರ ಫಲವಾಗಿ, ಹೆಸರು ಅಡಗಿಸಿಟ್ಟ ನೆಟ್‌ವರ್ಕ್‌ಗಳನ್ನು ಬೋರ್ಡು ಹುಡುಕುವುದನ್ನೇ ಬಿಟ್ಟಿತು. ಅಪ್‌ಡೇಟ್ ಪೂರ್ತಿ ಇಳಿಯಿತು, ಅದು ಕೆಡದೆ ಬಂದಿದೆಯೇ ಎಂದು ತೋರಿಸುವ ಚೆಕ್‌ಸಮ್ ಹೊಂದಿಕೆಯಾಯಿತು, ಬೋರ್ಡು ರೀಸ್ಟಾರ್ಟ್ ಕೂಡ ಆಯಿತು. ಆಮೇಲೆ ಸದ್ದಿಲ್ಲ. ಸರಿಪಡಿಸಿದ ಆವೃತ್ತಿಯನ್ನು ಮರುದಿನವೇ ಸಿದ್ಧಮಾಡಿದೆವು. ಆದರೆ ಕೆಟ್ಟದ್ದೂ ವೈಫೈ, ಮದ್ದು ಹೋಗಬೇಕಾದ ದಾರಿಯೂ ವೈಫೈ. ಅಟ್ಟ ಹತ್ತಿಸಿ ಏಣಿ ತೆಗೆದಂತಾಯಿತು. ಬೋರ್ಡುಗಳನ್ನು ಕಳಿಸಿಕೊಟ್ಟು ತಾಳ್ಮೆಯಿಂದ ಕಾದವರಲ್ಲಿ ಕ್ಷಮೆ ಕೇಳುತ್ತೇವೆ.

ನಮಗೆ ಹೆಚ್ಚು ನಾಚಿಕೆಯಾದದ್ದು ಇನ್ನೊಂದು ಸಂಗತಿಗೆ. ಆ ಬೋರ್ಡುಗಳೊಳಗೆ ಹಳೆಯ, ಸರಿಯಾಗಿ ಓಡುವ ಫರ್ಮ್‌ವೇರ್ ಹಾಗೆಯೇ ಇತ್ತು. ಬೋರ್ಡಿನ 4 ಮೆಗಾಬೈಟ್ ಫ್ಲ್ಯಾಶ್‌ನಲ್ಲಿ, ಅಂದರೆ ವಿದ್ಯುತ್ ಇಲ್ಲದಾಗಲೂ ಅಳಿಯದ ಸಂಗ್ರಹದಲ್ಲಿ, ಫರ್ಮ್‌ವೇರ್‌ಗೆಂದು ಎರಡು ಖಾನೆಗಳಿವೆ. ಒಂದರಿಂದ ಬೋರ್ಡು ಓಡುತ್ತಿರುವಾಗ ಹೊಸದನ್ನು ಇನ್ನೊಂದರಲ್ಲಿ ಬರೆದು, ಮುಂದಿನ ಸಲ ಯಾವ ಖಾನೆಯಿಂದ ಏಳಬೇಕು ಎಂಬ ಗುರುತನ್ನು ಬದಲಿಸಲಾಗುತ್ತದೆ. ಆ ಗುರುತು ಕೂಡ ಫ್ಲ್ಯಾಶ್‌ನ ಎರಡು ಬೇರೆ ತುಣುಕುಗಳಲ್ಲಿರುತ್ತದೆ. ಬರೆಯುವ ಹೊತ್ತಿಗೆ ವಿದ್ಯುತ್ ಹೋದರೂ ಒಂದು ಉಳಿದುಕೊಳ್ಳುತ್ತದೆ. ಇಷ್ಟೆಲ್ಲ ಇದ್ದೂ ಬೋರ್ಡು ಹಿಂದಿನ ಖಾನೆಗೆ ಮರಳಲಿಲ್ಲ, ಏಕೆಂದರೆ ಬೋರ್ಡು ಏಳುವಾಗ ಫರ್ಮ್‌ವೇರನ್ನು ಶುರುಮಾಡುವ ಪುಟ್ಟ ಪ್ರೋಗ್ರಾಮಾದ ಬೂಟ್‌ಲೋಡರ್‌ನಲ್ಲಿ ರೋಲ್‌ಬ್ಯಾಕ್ (ಹಿಂದಿನದಕ್ಕೆ ಮರಳುವ) ಆಯ್ಕೆಯನ್ನು ನಾವು ಚಾಲೂ ಮಾಡಿರಲಿಲ್ಲ. ಒಂದೇ ಒಂದು ಆಯ್ಕೆ.

ಈಗ ಮಾಡಿದ್ದೇವೆ. ಇನ್ನು ಮುಂದೆ ಹೊಸ ಫರ್ಮ್‌ವೇರ್ ಬಂದಾಗ ಬೋರ್ಡು ಅದನ್ನು ತಕ್ಷಣ ನಂಬುವುದಿಲ್ಲ. ಅದು ವೈಫೈ ಸೇರಿ, ನಮ್ಮ ಅಪ್‌ಡೇಟ್ ಸರ್ವರ್‌ನಿಂದ ಉತ್ತರ ಪಡೆದ ಮೇಲಷ್ಟೇ ತಾನು ಸರಿಯಿದ್ದೇನೆಂದು ಗುರುತು ಹಾಕಿಕೊಳ್ಳುತ್ತದೆ. ಐದು ನಿಮಿಷದಲ್ಲಿ ಅದಾಗದಿದ್ದರೆ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಗುರುತಿಲ್ಲದೆ ಎದ್ದುಬಂದ ಫರ್ಮ್‌ವೇರನ್ನು ಬೂಟ್‌ಲೋಡರ್ ಪಕ್ಕಕ್ಕಿಟ್ಟು ಹಳೆಯ ಖಾನೆಯಿಂದ ಬೋರ್ಡನ್ನು ಎಬ್ಬಿಸುತ್ತದೆ. ಆ ಹೊತ್ತಿಗೆ ನಿಮ್ಮ ರೂಟರ್ ಆಫ್ ಆಗಿದ್ದರೆ ಒಳ್ಳೆಯ ಫರ್ಮ್‌ವೇರ್ ಕೂಡ ಪರೀಕ್ಷೆಯಲ್ಲಿ ನಪಾಸಾಗುತ್ತದೆ, ನಿಜ. ಮರುದಿನ ಬೋರ್ಡು ಮತ್ತೊಮ್ಮೆ ಪ್ರಯತ್ನಿಸುತ್ತದೆ. ಅನುಮಾನ ಬಂದಾಗ ಹಿಂದೆ ಸರಿಯುವ ಬೋರ್ಡೇ ವಾಸಿ ಎಂದು ಕಳೆದ ಬಾರಿ ಪೆಟ್ಟು ತಿಂದು ಕಲಿತಿದ್ದೇವೆ.

ಹಾಗಾದರೆ ಇದನ್ನೂ ವೈಫೈ ಮೂಲಕವೇ ಕಳಿಸಬಾರದೇ? ಫರ್ಮ್‌ವೇರ್‌ಗೆ ಎರಡು ಖಾನೆಗಳಿದ್ದರೂ ಬೂಟ್‌ಲೋಡರ್ ಮತ್ತು ಯಾವ ಖಾನೆ ಎಲ್ಲಿದೆ, ಎಷ್ಟು ದೊಡ್ಡದು ಎಂದು ಹೇಳುವ ಪಾರ್ಟಿಷನ್ ಪಟ್ಟಿ ಫ್ಲ್ಯಾಶ್‌ನಲ್ಲಿ ಒಂದೊಂದೇ ಇವೆ. ಅವನ್ನು ಅಳಿಸಿ ಬರೆಯುವ ಆ ಕ್ಷಣದಲ್ಲಿ ವಿದ್ಯುತ್ ಹೋದರೆ ಬೋರ್ಡು ಏಳುವುದೇ ಇಲ್ಲ, ಮತ್ತೆ ಕೇಬಲ್ಲೇ ಗತಿ. ಕೇಬಲ್ ಹಾಕಿ ಬರೆಯುವಾಗ ಈ ಭಯವಿಲ್ಲ. ಚಿಪ್ಪಿನ ರೋಮ್‌ನಲ್ಲಿ (ROM, ಓದಲಷ್ಟೇ ಬರುವ ನೆನಪು) ತಯಾರಿಕೆಯಲ್ಲೇ ಕೂರಿಸಿದ ಲೋಡರ್ ಅಳಿಸಿಹೋಗುವಂಥದ್ದಲ್ಲ. ಕೆಲಸ ನಡುವೆ ಕೆಟ್ಟರೆ ಮತ್ತೆ ಮೊದಲಿನಿಂದ ಶುರುಮಾಡಿದರಾಯಿತು. ಪಾರ್ಟಿಷನ್ ಪಟ್ಟಿಯನ್ನು ಬದಲಿಸಲೇಬೇಕಿತ್ತು. ಈಗಿನ ಖಾನೆಗಳು ತಲಾ 1280 ಕಿಲೋಬೈಟ್. ಹೊಸ ಫರ್ಮ್‌ವೇರ್ ಅದರಲ್ಲಿ ಹಿಡಿಸುತ್ತಿಲ್ಲ. ಇನ್ನು ತಲಾ 1920 ಕಿಲೋಬೈಟ್ ಆಗುತ್ತವೆ.

ಆ ಜಾಗ ಆಕಾಶದಿಂದ ಬಂದದ್ದಲ್ಲ, ಕಡತಗಳ ಭಾಗದಿಂದ ಕತ್ತರಿಸಿದ್ದು. ಅಲ್ಲಿ ಈಗ 1408 ಕಿಲೋಬೈಟ್ ಇದೆ, ಉಳಿಯುವುದು 128 ಮಾತ್ರ. ಸೆನ್ಸರ್ ಅಳತೆಗಳನ್ನು ಬೋರ್ಡಿನಲ್ಲೇ ತಿಂಗಳುಗಟ್ಟಲೆ ಸಂಗ್ರಹಿಸುವವರಿಗೆ ಇದು ನಷ್ಟವೇ, ಬೇರೆ ಹೆಸರಿಟ್ಟು ಕರೆಯುವುದಿಲ್ಲ. ಹಳೆಯ ದಾಖಲೆಗಳೂ ಅಳಿದುಹೋಗುತ್ತವೆ. ಸೆಟ್ಟಿಂಗ್ ಪುಟದಿಂದ ಮೊದಲೇ ಇಳಿಸಿಕೊಳ್ಳಿ. ವೈಫೈ ಹೆಸರು, ಪಾಸ್‌ವರ್ಡ್ ಮುಂತಾದವು ಇರುವ ಭಾಗ ಕದಲುವುದಿಲ್ಲ. ಆದರೆ ಫ್ಲ್ಯಾಶ್ ಪೂರ್ತಿ ಅಳಿಸುವ ಆಯ್ಕೆಯನ್ನು ಒತ್ತಿದರೆ ಅವೂ ಹೋಗುತ್ತವೆ.

ಎರಡನೆಯ ಬದಲಾವಣೆ ಭದ್ರತೆಯದು. ಇಲ್ಲಿಯವರೆಗೆ ಬೋರ್ಡು 3232ನೇ ಪೋರ್ಟ್‌ನಲ್ಲಿ, ಅಂದರೆ ನೆಟ್‌ವರ್ಕ್‌ನ ಒಂದು ಬಾಗಿಲಲ್ಲಿ, ಕಾದು ಕುಳಿತು, ಪಾಸ್‌ವರ್ಡ್ ಹೇಳಿದವರಿಂದ ಫರ್ಮ್‌ವೇರ್ ತೆಗೆದುಕೊಳ್ಳುತ್ತಿತ್ತು. ಕಾರ್ಖಾನೆಯಿಂದ ಹೊರಡುವಾಗ ಎಲ್ಲ ಬೋರ್ಡುಗಳಿಗೂ ಒಂದೇ ಪಾಸ್‌ವರ್ಡ್ ಇತ್ತು. ಊರಿನ ಮನೆಗಳಿಗೆಲ್ಲ ಒಂದೇ ಬೀಗದಕೈ ಮಾಡಿಸಿದ ಹಾಗೆ: ಒಂದು ಬೋರ್ಡಿನ ಫ್ಲ್ಯಾಶ್ ಓದಿದವರ ಕೈಗೆ ಎಲ್ಲವೂ ಸಿಗುತ್ತಿತ್ತು. ಇನ್ನು ಬೋರ್ಡೇ ಸರ್ವರ್‌ಗೆ ಹೋಗಿ ಕೇಳುತ್ತದೆ. ಇಳಿಸಿಕೊಂಡದ್ದರ ಎಸ್‌ಎಚ್‌ಎ-256 ಮುದ್ರೆಯ (ಕಡತದಿಂದ ಲೆಕ್ಕಹಾಕಿ ತೆಗೆದ ಬೆರಳಚ್ಚಿನಂಥ ಸಂಖ್ಯೆ) ಮೇಲೆ ನಮ್ಮ ಡಿಜಿಟಲ್ ಸಹಿ ಇದೆಯೇ ಎಂದು ತಾಳೆ ನೋಡಿದ ಮೇಲಷ್ಟೇ ಅದನ್ನು ಸ್ವೀಕರಿಸುತ್ತದೆ. ಸಹಿ ಹಾಕುವ ಖಾಸಗಿ ಕೀಲಿ ನಮ್ಮಲ್ಲಿ ಇಂಟರ್ನೆಟ್ ಸಂಪರ್ಕವಿಲ್ಲದ ಕಂಪ್ಯೂಟರಿನಲ್ಲಿದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಚಿಪ್ಪಿನ ಇಫ್ಯೂಸ್‌ಗಳನ್ನು (ಒಮ್ಮೆ ಮಾತ್ರ ಬರೆಯಬಹುದಾದ ಗುರುತುಗಳನ್ನು) ಸುಟ್ಟು, ನಮ್ಮ ಸಹಿಯಿಲ್ಲದ ಯಾವುದೂ ಎಂದೆಂದಿಗೂ ಓಡದಂತೆ ಮಾಡಬಹುದಿತ್ತು. ಈ ವಿಷಯದಲ್ಲಿ ನಮ್ಮೊಳಗೇ ಜಗಳವಾಯಿತು. ಕೊನೆಗೆ ಬೇಡವೆಂದು ತೀರ್ಮಾನಿಸಿದೆವು. ಸುಟ್ಟ ಇಫ್ಯೂಸ್ ಮರಳಿ ಬರುವುದಿಲ್ಲ, ಮತ್ತು ಬೋರ್ಡು ನಿಮ್ಮದು. ಕೇಬಲ್ ಹಾಕಿ ನೀವು ಬರೆದ ಪ್ರೋಗ್ರಾಮನ್ನು ಎಂದಿನಂತೆ ಓಡಿಸಬಹುದು. ನಮ್ಮ ಫರ್ಮ್‌ವೇರ್ ಇದ್ದಾಗಲೂ ಬೋರ್ಡಿನ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿದರೆ ಹತ್ತು ನಿಮಿಷದ ಮಟ್ಟಿಗೆ ಹಳೆಯ ಪೋರ್ಟ್ ತೆರೆಯುತ್ತದೆ. ಅದಕ್ಕೆ ಪಾಸ್‌ವರ್ಡನ್ನು ನೀವೇ ಇಡಬೇಕು. ಖಾಲಿ ಬಿಟ್ಟರೆ ತೆರೆಯುವುದಿಲ್ಲ.

ಹಳೆಯ ಇಎಸ್‌ಪಿ8266 ಬೋರ್ಡುಗಳಲ್ಲಿ ಈ ಖಾನೆಗಳ ಆಟ ನಡೆಯುವುದಿಲ್ಲ. ಅಲ್ಲಿ ಹೊಸ ಫರ್ಮ್‌ವೇರ್ ಖಾಲಿ ಜಾಗದಲ್ಲಿ ಇಳಿದು, ರೀಸ್ಟಾರ್ಟ್ ಆದಾಗ ಹಳೆಯದರ ಮೇಲೆಯೇ ನಕಲಾಗುತ್ತದೆ. ಮರಳುವುದಕ್ಕೆ ಹಿಂದೆ ಏನೂ ಉಳಿಯುವುದಿಲ್ಲ. ಅವುಗಳಿಗೆ ಸಹಿಯ ತಪಾಸಣೆಯನ್ನು ಸೇರಿಸಿದ ಒಂದು ಅಪ್‌ಡೇಟ್ ವೈಫೈ ಮೂಲಕವೇ ಬರುತ್ತದೆ; ಆಮೇಲೆ ದೋಷ ತಿದ್ದುವುದನ್ನು ಬಿಟ್ಟರೆ ಹೊಸ ಸೌಲಭ್ಯಗಳನ್ನು ಸೇರಿಸುವುದಿಲ್ಲ.

ಕೇಬಲ್ ಬಗ್ಗೆ ಒಂದು ಮಾತು. ಕಂಪ್ಯೂಟರಿಗೆ ಬೋರ್ಡು ಕಾಣದಿದ್ದರೆ ಡ್ರೈವರ್ ಹುಡುಕುತ್ತಾ ರಾತ್ರಿ ಕಳೆಯುವ ಮೊದಲು ಕೇಬಲ್ ಬದಲಿಸಿ ನೋಡಿ. ಚಾರ್ಜಿಂಗ್‌ಗೆಂದೇ ಮಾಡಿದ ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ದೀಪ ಉರಿಯುತ್ತದೆ, ಅಷ್ಟೇ. ಬೋರ್ಡು ಬರೆಯುವ ಸ್ಥಿತಿಗೆ ಬರದಿದ್ದರೆ ಬೂಟ್ ಗುಂಡಿಯನ್ನು ಒತ್ತಿಹಿಡಿದು, ರೀಸೆಟ್ ಒಮ್ಮೆ ಒತ್ತಿ ಬಿಡಿ.

ಈ ಹೊಸ ಫರ್ಮ್‌ವೇರನ್ನು ಹಾಕಿಕೊಳ್ಳದೆ ಬಿಟ್ಟರೂ ಬೋರ್ಡು ನಿಂತುಹೋಗುವುದಿಲ್ಲ, ಈಗಿನಂತೆಯೇ ಓಡುತ್ತದೆ. ಹೊಸ ಅಪ್‌ಡೇಟ್‌ಗಳು ಬರುವುದಿಲ್ಲ. ಹಾಗಿರಿಸಿಕೊಳ್ಳುವವರು ಪಾಸ್‌ವರ್ಡನ್ನಾದರೂ ಇಂದೇ ಬದಲಿಸಿ. ಕಂಪ್ಯೂಟರ್ ಇಲ್ಲದವರು, ಈ ಕೆಲಸಕ್ಕೆ ಧೈರ್ಯ ಸಾಲದವರು ಬೋರ್ಡನ್ನು ನಮಗೆ ಕಳಿಸಿ, ಶುಲ್ಕವಿಲ್ಲದೆ ಮಾಡಿಕೊಡುತ್ತೇವೆ. ಬ್ಯಾಟರಿಯನ್ನು ಮಾತ್ರ ಬಿಚ್ಚಿಟ್ಟುಕೊಂಡು ಕಳಿಸಿ.

ಇಂತಿ,
ನಿಮ್ಮ ಬೋರ್ಡುಗಳನ್ನು ಕಟ್ಟುವ ಸಹಕಾರಿ ಬಳಗ