ಅಂಗನವಾಡಿ ಗೋಡೆಯ ಮೇಲೆ ದೇವಣಿ ಕರು ಮೂಡಲಿ

ಮಾನ್ಯ ಸಂಪಾದಕರೇ,

ಇತ್ತೀಚೆಗೆ ಬೀದರ್ ಜಿಲ್ಲೆಯ ಅಂಗನವಾಡಿಯೊಂದರಲ್ಲಿ ಪುಟ್ಟ ಹುಡುಗಿಯೊಬ್ಬಳು ಗೋಡೆಯ ಮೇಲಿನ ಚಿತ್ರವನ್ನು ತೋರಿಸಿ, 'ಇದು ನಾಯಿ ಏನ್ರಿ?' ಎಂದು ಕೇಳಿದಳು. ಅದು ಸಿಂಹ. ಅದನ್ನು ಬಿಡಿಸಿದವರು ಯಾವ ಪ್ರಾಣಿಯನ್ನೂ ಎದುರಿಗಿಟ್ಟುಕೊಂಡಿರಲಿಲ್ಲವೆಂಬುದು ಗೆರೆಗಳಲ್ಲೇ ತಿಳಿಯುತ್ತಿತ್ತು.

ಚಿತ್ರಕಲಾ ಶಿಕ್ಷಕನಾದ ನನಗೆ ಆಗ ನೆನಪಾದವರು ಸೋವಿಯತ್ ಕಲಾವಿದ ಎವ್ಗೆನಿ ಚಾರುಶಿನ್ (1901–1965). ರಷ್ಯಾದ ವ್ಯಾಟ್ಕಾ ಪಟ್ಟಣದಲ್ಲಿ ವಾಸ್ತುಶಿಲ್ಪಿಯ ಮಗನಾಗಿ ಹುಟ್ಟಿದ ಅವರು ಕೋಳಿ, ಮೊಲ, ಬೆಕ್ಕುಗಳಿಂದ ತುಂಬಿದ್ದ ಮನೆಯಲ್ಲಿ ಬೆಳೆದರು; ಮೂರು ಕಾಲಿನ ನಾಯಿಯೊಂದು ಅವರ ಬಾಲ್ಯದ ಗೆಳೆಯನಾಗಿತ್ತು. ಲೆನಿನ್‌ಗ್ರಾದ್‌ನಲ್ಲಿ ವರ್ಣಚಿತ್ರ ಕಲಿತು, ಬಿಯಾಂಕಿ, ಮಾರ್ಷಾಕ್ ಮೊದಲಾದ ಲೇಖಕರ ಮಕ್ಕಳ ಪುಸ್ತಕಗಳಿಗೆ ಚಿತ್ರ ಬಿಡಿಸಿದರು, ತಾವೂ ಪ್ರಾಣಿಗಳ ಕಥೆ ಬರೆದರು. ನನ್ನ ಬಳಿಯಿರುವ ಹಳೆಯ ಪುಸ್ತಕವೊಂದರಲ್ಲಿ ಅವರ ಕರಡಿಮರಿಯಿದೆ. ಅದಕ್ಕೆ ಹೊರಗೆರೆಯೇ ಇಲ್ಲ. ಒಣಕುಂಚವನ್ನು ಒತ್ತಿ ಒತ್ತಿ ಎಬ್ಬಿಸಿದ ಕೆದರಿದ ತುಪ್ಪಳ, ಒದ್ದೆ ಮೂಗು, ಎಲ್ಲಿಡಲೆಂದು ತಿಳಿಯದೆ ಒಳಕ್ಕೆ ತಿರುಗಿದ ಪಾದ, ಇಷ್ಟರಿಂದಲೇ ಮರಿಯ ಎಳೆತನವೂ ಅಂಜಿಕೆಯೂ ಕಾಣುತ್ತವೆ. ಜೀವಂತ ಪ್ರಾಣಿಯ ಮುಂದೆ ಗಂಟೆಗಟ್ಟಲೆ ಕೂತವನ ಕೈಗಷ್ಟೇ ಇದು ದಕ್ಕುತ್ತದೆ.

ಅವರ ಬದುಕಿನ ಇನ್ನೊಂದು ಸಂಗತಿ ನಮಗೆ ಹೆಚ್ಚು ಹತ್ತಿರದ್ದು. ಎರಡನೇ ಮಹಾಯುದ್ಧದ ದಿನಗಳಲ್ಲಿ ಲೆನಿನ್‌ಗ್ರಾದ್ ತೊರೆದು, ಆ ವೇಳೆಗೆ ಕಿರೋವ್ ಎಂದು ಹೆಸರಾಗಿದ್ದ ತಮ್ಮ ಹುಟ್ಟೂರಿಗೆ ಮರಳಿದಾಗ, ಅವರು ಅಲ್ಲಿನ ಶಿಶುವಿಹಾರದ ಗೋಡೆಗಳ ಮೇಲೆ ಚಿತ್ರ ಬರೆದರು. ದೇಶವೇ ಸಂಕಟದಲ್ಲಿದ್ದಾಗಲೂ ಅಷ್ಟು ದೊಡ್ಡ ಕಲಾವಿದರೊಬ್ಬರಿಗೆ ಪುಟ್ಟ ಮಕ್ಕಳ ಗೋಡೆ ಸಣ್ಣ ಕೆಲಸವೆನಿಸಲಿಲ್ಲ.

ನಮ್ಮಲ್ಲಿ ಆ ಕೆಲಸ ಚದರಡಿಯ ಲೆಕ್ಕದಲ್ಲಿ ಮುಗಿಯುವುದನ್ನು ಕಂಡು ನೋವಾಗುತ್ತದೆ. ಮೈಯೆಲ್ಲ ಬಿಳಿ, ಮುಖ ಮಾತ್ರ ಕಪ್ಪಾದ ದೇವಣಿ ತಳಿಯ ಕರು ನಮ್ಮ ಕೊಟ್ಟಿಗೆಗಳಲ್ಲೇ ಇದೆ. ಕೃಷ್ಣಮೃಗ ನಮ್ಮ ಹುಲ್ಲುಗಾವಲಿನಲ್ಲೇ ಇದೆ. ಕಲಬುರಗಿ, ಬೀದರ್ ಭಾಗದ ಚಿತ್ರಕಲಾ ವಿದ್ಯಾರ್ಥಿಗಳಿಗೆ ಈ ಗೋಡೆಗಳನ್ನು ವಹಿಸಿ, ಬಣ್ಣ ಮುಟ್ಟುವ ಮೊದಲು ಒಂದು ವಾರ ಆ ಪ್ರಾಣಿಗಳನ್ನು ನೋಡಿ ರೇಖಾಚಿತ್ರ ಮಾಡಲು ಅವಕಾಶ ಕೊಡಬೇಕು, ಚಿತ್ರದ ಕೆಳಗೆ ಅವರ ಹೆಸರು ಬರೆಸಬೇಕು ಎಂದು ಸಂಬಂಧಪಟ್ಟ ಇಲಾಖೆಯನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಚಿತ್ರಕಲಾ ಶಿಕ್ಷಕ, ಬೀದರ್