ಬೆಸೆಲ್: ದೂರಕ್ಕಿಂತ ಅಳತೆಯ ರೀತಿ ದೊಡ್ಡದು

ಮಾನ್ಯರೇ,

ಜರ್ಮನಿಯ ಖಗೋಳಜ್ಞ ಫ್ರೆಡ್ರಿಕ್ ವಿಲ್ಹೆಲ್ಮ್ ಬೆಸೆಲ್ (1784–1846) ಬಗ್ಗೆ ಬರೆಯುವವರು ‘1838ರಲ್ಲಿ ನಕ್ಷತ್ರವೊಂದರ ದೂರ ಅಳೆದರು’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಅಳೆದದ್ದು ಹೇಗೆ ಎಂಬುದನ್ನು ಬಿಟ್ಟರೆ ಅವರ ಹಿರಿಮೆಯನ್ನೇ ಬಿಟ್ಟಂತೆ.

ಬ್ರೆಮೆನ್‌ನ ವ್ಯಾಪಾರಿ ಮಳಿಗೆಯಲ್ಲಿ ಗುಮಾಸ್ತಿಕೆ ಕಲಿಯುತ್ತಲೇ ಹ್ಯಾಲಿ ಧೂಮಕೇತುವಿನ ಕಕ್ಷೆ ಲೆಕ್ಕಹಾಕಿದ ಬೆಸೆಲ್, ಮುಂದೆ ಪೂರ್ವ ಪ್ರಷ್ಯಾದ (ಆಗಿನ ಜರ್ಮನ್ ಸೀಮೆಯ) ಕ್ಯೋನಿಗ್ಸ್‌ಬರ್ಗ್ ವೀಕ್ಷಣಾಲಯದ ಮುಖ್ಯಸ್ಥರಾದರು. ಅಲ್ಲಿದ್ದ ಹೀಲಿಯೋಮೀಟರ್ ಎಂಬ, ಕೋನ ಅಳೆಯುವ ದೂರದರ್ಶಕದ ಮಸೂರವನ್ನು ನಡುವೆ ಸೀಳಲಾಗಿತ್ತು. ತಿರುಪು ತಿರುಗಿಸಿ ಒಂದು ಹೋಳನ್ನು ಸರಿಸುತ್ತ ಎರಡು ನಕ್ಷತ್ರಗಳ ಬಿಂಬಗಳನ್ನು ಕೂಡಿಸಬೇಕು. ತಿರುಪು ಎಷ್ಟು ಸುತ್ತಿತು ಎಂಬುದರಿಂದ ಕೋನ ಸಿಗುತ್ತದೆ. ವರ್ಷಕ್ಕೆ 5 ಆರ್ಕ್‌ಸೆಕೆಂಡಿಗೂ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಪಾಲು) ಹೆಚ್ಚು ಸರಿಯುವ ‘61 ಸಿಗ್ನಿ’ ಎಂಬ ನಕ್ಷತ್ರ ಹತ್ತಿರದಲ್ಲೇ ಇರಬೇಕೆಂದು ಅದನ್ನೇ ಆರಿಸಿಕೊಂಡರು.

ತೊಡಕಿರುವುದು ಇಲ್ಲಿ. ಚಳಿಗೆ ತಿರುಪು ಕುಗ್ಗುತ್ತದೆ, ಬೇಸಿಗೆಗೆ ಹಿಗ್ಗುತ್ತದೆ. ಭೂಮಿ ಸೂರ್ಯನನ್ನು ಸುತ್ತುವುದರಿಂದ ಹತ್ತಿರದ ನಕ್ಷತ್ರ ಆಚೀಚೆ ಓಲಾಡಿದಂತೆ ತೋರುತ್ತದೆ; ದೂರ ಸಿಗುವುದು ಆ ಓಲಾಟದಿಂದಲೇ. ಅದೂ ವರ್ಷಕ್ಕೊಮ್ಮೆಯೇ. ಎಚ್ಚರ ತಪ್ಪಿದರೆ ಲೋಹದ ಹಿಗ್ಗುವಿಕೆಯೇ ನಕ್ಷತ್ರದ ದೂರವೆನಿಸಿಬಿಡುತ್ತದೆ! ಬೆಸೆಲ್ ಬೇರೆ ಬೇರೆ ದಿಕ್ಕಿನ ಎರಡು ಮಸುಕು ನಕ್ಷತ್ರಗಳಿಂದ ಅಳೆದರು. ಶಾಖದ ದೋಷ ಎರಡೂ ಅಳತೆಗಳಲ್ಲಿ ಒಂದೇ ತಿಂಗಳಲ್ಲಿ ಏರುತ್ತದೆ. ನಿಜವಾದ ಓಲಾಟ ಬೇರೆ ಬೇರೆ ತಿಂಗಳಲ್ಲಿ. ಓಲಾಟದ ಅರ್ಧ ಅಗಲವಾಗಿ ಅವರಿಗೆ ಸಿಕ್ಕಿದ್ದು 0.314 ಆರ್ಕ್‌ಸೆಕೆಂಡ್, ಇಂದಿನ ಬೆಲೆ ಸುಮಾರು 0.286.

ಅದೇ ದಶಕದಲ್ಲಿ ಪ್ರಷ್ಯಾದ ಸೇನಾಧಿಕಾರಿ ಬೇಯರ್ ಜೊತೆಗೂಡಿ ಪೂರ್ವ ಪ್ರಷ್ಯಾದ ಭೂಮಾಪನ ಮಾಡಿದಾಗಲೂ ಶಾಖದ ಕಾಟ ತಪ್ಪಲಿಲ್ಲ. ಭೂಮಾಪನಕ್ಕೆ ಬುನಾದಿಯಾಗಿ ನೆಲದ ಮೇಲೆ ಪಟ್ಟಿಯಿಟ್ಟು ಅಳೆಯುವ ಗೆರೆಯೇ ಆಧಾರರೇಖೆ. ಸುಮಾರು 1,822 ಮೀಟರಿನ ಆ ರೇಖೆಯಲ್ಲಿ ಕಬ್ಬಿಣದ ಪಟ್ಟಿಯ ಉಷ್ಣತೆ ಒಂದು ಡಿಗ್ರಿ ತಪ್ಪಿದರೂ 2 ಸೆಂಟಿಮೀಟರ್ ಕೆಡುತ್ತದೆ. ಥರ್ಮಾಮೀಟರ್ ಗಾಳಿಯ ಬಿಸಿಯನ್ನು ಬೇಗ ತೋರಿಸುತ್ತದೆ, ದಪ್ಪ ಕಬ್ಬಿಣ ನಿಧಾನವಾಗಿ ಕಾಯುತ್ತದೆ. ಹಾಗಾಗಿ ಸುಮಾರು 3.9 ಮೀಟರಿನ ಪ್ರತಿ ಕಬ್ಬಿಣದ ಪಟ್ಟಿಯ ಮೇಲೆ ಸತುವಿನ ಪಟ್ಟಿಯಿಟ್ಟು ಒಂದು ತುದಿಯಲ್ಲಷ್ಟೇ ಬಿಗಿದರು. ಸತು ಕಬ್ಬಿಣದ ಎರಡರಷ್ಟಕ್ಕೂ ಹೆಚ್ಚು ಹಿಗ್ಗುವುದರಿಂದ, ಇನ್ನೊಂದು ತುದಿಯ ಸಂದಿಗೆ ಗಾಜಿನ ಬೆಣೆ ತೂರಿಸಿದರೆ ಪಟ್ಟಿಯೇ ತನ್ನ ಉಷ್ಣತೆ ಹೇಳುತ್ತದೆ. ಇಂಥ ನಾಲ್ಕು ಪಟ್ಟಿಗಳನ್ನು ಸಾಲಾಗಿಟ್ಟು, ಅವುಗಳ ನಡುವಿನ ಸಂದನ್ನೂ ಬೆಣೆಯಿಂದಲೇ ಅಳೆದು ಮುಂದೆ ಸಾಗಿದರು. ನನ್ನ ಮಟ್ಟಿಗೆ ನಕ್ಷತ್ರದ ದೂರಕ್ಕಿಂತ ಈ ಪಟ್ಟಿಯೇ ಹೆಚ್ಚು ಸುಂದರ.

ಇಂಥ ಭೂಮಾಪನಗಳಿಂದ ಲೆಕ್ಕಹಾಕಿ 1841ರಲ್ಲಿ ಅವರು ಕೊಟ್ಟ ಭೂಗೋಳದ ಅರ್ಧವ್ಯಾಸ, ಸಮಭಾಜಕದಲ್ಲಿ, 6,377,397 ಮೀಟರ್. ಭಾರತದ ಹಳೆಯ ನಕ್ಷೆಗಳು ನಿಂತಿರುವುದು ಭಾರತದ ಭೂಮಾಪನದ ಮುಖ್ಯಸ್ಥರಾಗಿದ್ದ ಜಾರ್ಜ್ ಎವರೆಸ್ಟ್ ಕೊಟ್ಟ ಮಾನದ ಮೇಲೆ; ಅದು ಇದಕ್ಕಿಂತ ಸುಮಾರು 120 ಮೀಟರ್ ಕಡಿಮೆ. ಹಾಗಾಗಿ ಬೆಸೆಲ್ ಮಾನದ ಮೇಲೆ ನಿಂತ ಜರ್ಮನಿ, ಜಪಾನಿನ ಹಳೆಯ ನಕ್ಷೆಗಳ ಅಕ್ಷಾಂಶ, ರೇಖಾಂಶಗಳನ್ನು ನಮ್ಮವುಗಳ ಜೊತೆ ಹಾಗೇ ಬೆರೆಸಬಾರದು.

– ಓದುಗ, ಮೈಸೂರು